ನಮ್ಮಣ್ಣನ ಕೈ

ನಮ್ಮಣ್ಣ ಕ್ಷೌರಿಕ. ಅವನ ಮಗನ ಅಂಗಡಿಯ ಬೋರ್ಡಿನ ಮೇಲೆ ಈಗ ‘ಹೇರ್ ಸ್ಟೈಲಿಸ್ಟ್’ ಎಂದು ದಪ್ಪ ಅಕ್ಷರದಲ್ಲಿ ಬರೆಸಿದ್ದಾರೆ. ಬೋರ್ಡು ಏರಿಸಿದ ದಿನ ಅಣ್ಣ ಕೆಳಗೆ ನಿಂತು ಅದನ್ನು ನಿಧಾನವಾಗಿ ಓದಿ, “ಯಾರೋ ಹೊಸಬರು ಬಂದಿರೋ ಹಾಗಿದೆ” ಎಂದು ನಕ್ಕು ಒಳಗೆ ಹೋದ. ಬೇಸರವಾಗಿತ್ತೋ ಏನೋ, ಹೇಳಲಿಲ್ಲ. ನಮ್ಮಿಬ್ಬರಲ್ಲಿ ಮಾತೆಲ್ಲ ನನ್ನ ಪಾಲಿಗೆ ಬಂತು, ತಾಳ್ಮೆಯೆಲ್ಲ ಅವನ ಪಾಲಿಗೆ. ನಾನು ಕೆಲಸದಲ್ಲಿದ್ದಷ್ಟು ಕಾಲ ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೂತವಳು. “ಆಗ್ಲೇ ಹೋಯ್ತು, ಇನ್ನೊಂದು ಬರುತ್ತೆ, ಪಕ್ಕಕ್ಕೆ ನಿಂತ್ಕೊಳ್ಳಿ” ಎಂದು ಕೂಗಿ ಕೂಗಿ ನನ್ನ ಗಂಟಲಿನ ಜೊತೆ ಮನಸ್ಸೂ ಸ್ವಲ್ಪ ಒರಟಾಗಿದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಅಣ್ಣನಿಗೆ ಕೆಲಸ ಕಲಿಸಿದವನು ನಮ್ಮಪ್ಪ. ಮೊದಲ ವರ್ಷವಿಡೀ ಅವನ ಕೈಗೆ ಕತ್ತಿಯನ್ನೇ ಕೊಡಲಿಲ್ಲ. ಬರೀ ಬ್ರಶ್ಶು, ಬಟ್ಟಲು, ಸೋಪು. “ನೊರೆ ಹಚ್ಚೋಕೆ ಬಂದ್ರೆ ಅರ್ಧ ಕೆಲಸ ಬಂದ ಹಾಗೆ” ಎನ್ನುತ್ತಿದ್ದ ಅಪ್ಪ. ಅಣ್ಣ ಉಳಿದರ್ಧ ಕಲಿತ ಮೇಲೂ ಮೊದಲರ್ಧವನ್ನು ಬಿಡಲಿಲ್ಲ. ಬಿಸಿನೀರಿನಲ್ಲಿ ಬ್ರಶ್ ಅದ್ದಿ, ಗಿರಾಕಿಯ ಕೆನ್ನೆ, ಗದ್ದ, ಕುತ್ತಿಗೆಯ ಮೇಲೆಲ್ಲ ಸುತ್ತಿ ಸುತ್ತಿ ನೊರೆ ಹಚ್ಚುತ್ತಿದ್ದ, ಗಿರಾಕಿಗೆ ತೂಕಡಿಕೆ ಬರುವವರೆಗೂ. ಅವಸರದವರು ಪಕ್ಕದ ಅಂಗಡಿಗೆ ಹೋದರು. ಉಳಿದವರು ಜೀವಮಾನವೆಲ್ಲ ಉಳಿದರು. ಬೀದಿಯ ಮಕ್ಕಳು ಅವನಿಗೆ ‘ನೊರೆ ತಾತ’ ಎಂದು ಹೆಸರಿಟ್ಟವು. ಇಷ್ಟು ಜನರ ತಲೆ ಬೋಳಿಸಿದರೂ ಒಬ್ಬರಿಗೂ ಟೋಪಿ ಹಾಕಿದವನಲ್ಲ ನಮ್ಮಣ್ಣ.

ಅತ್ತಿಗೆ ತೀರಿಕೊಂಡ ಮೇಲೆ ಅಂಗಡಿ ಮಗನ ಕೈಗೆ ಹೋಯಿತು. ತಿರುಗುವ ಕುರ್ಚಿಗಳು ಬಂದವು, ಎ.ಸಿ. ಬಂತು, ಕಿವಿಗೆ ವೈರು ಸಿಕ್ಕಿಸಿಕೊಂಡ ಹೊಸ ಗಿರಾಕಿಗಳು ಬಂದರು. ಅಣ್ಣನ ಹಳೆಯ ಗಿರಾಕಿಗಳು ಮಾತ್ರ ಒಬ್ಬೊಬ್ಬರಾಗಿ ಬರುವುದು ನಿಂತಿತು. ಕೆಲವರು ಹೋಗಿಯೇ ಬಿಟ್ಟಿದ್ದರು, ಉಳಿದವರಿಗೆ ಅಂಗಡಿಯ ಮೆಟ್ಟಿಲು ಹತ್ತಲು ಕಾಲಿರಲಿಲ್ಲ. “ಅವರಿಗೆ ಬರೋಕಾಗಲ್ಲ ಅಂದ್ರೆ ನಾನು ಹೋಗ್ತೀನಿ, ನಂಗೇನು ಕಾಲಿಲ್ವಾ” ಎಂದು ಅಣ್ಣ ಬಟ್ಟಲು, ಬ್ರಶ್ಶು, ಬ್ಲೇಡ್ ಸಿಕ್ಕಿಸುವ ಮಡಿಸುಗತ್ತಿ, ಟವೆಲ್ಲು ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿಕೊಂಡು ಮನೆಮನೆಗೆ ಹೊರಟ. ನನ್ನ ಗಂಡ ತೀರಿಹೋಗಿ ನಾನು ಅಣ್ಣನ ಮನೆಗೆ ಬಂದು ಸೇರುವ ಹೊತ್ತಿಗೆ ಈ ತಿರುಗಾಟವೇ ಅವನ ಬದುಕಾಗಿತ್ತು. ಬೆಳಿಗ್ಗೆ ಚೀಲ ಹೆಗಲಿಗೇರಿದರೆ ಬೆನ್ನು ನೆಟ್ಟಗಾಗುತ್ತಿತ್ತು. ರಜೆಯ ದಿನ ಅದೇ ಮನುಷ್ಯ ಹಿಂದಿನ ಕೋಣೆಯಲ್ಲಿ ಗೋಡೆ ನೋಡುತ್ತ ಕೂತಿರುತ್ತಿದ್ದ.

ಆಮೇಲೆ ಕೈ ನಡುಗಲು ಶುರುವಾಯಿತು. ಮೊದಲು ಕಾಫಿ ಲೋಟದಲ್ಲಿ ಕಂಡಿತು, ಆಮೇಲೆ ಅಂಗಿಯ ಗುಂಡಿಯಲ್ಲಿ. ಡಾಕ್ಟರು ವಯಸ್ಸು ಎಂದರು. ಅದು ನಮಗೂ ಗೊತ್ತಿತ್ತು. ಒಂದು ದಿನ ರಿಟೈರಾದ ಲೈನ್‌ಮನ್ ಒಬ್ಬರ ದವಡೆಯ ಹತ್ತಿರ ಕತ್ತಿ ಜಾರಿ ರಕ್ತ ಬಂತು. ಲೈನ್‌ಮನ್ “ಇರುವೆ ಕಚ್ಚಿದಷ್ಟೂ ಆಗಿಲ್ಲ ಬಿಡು” ಎಂದರಂತೆ. ಆದರೆ ಅವರ ಮೊಮ್ಮಗ ಫೋಟೋ ತೆಗೆದು ನನ್ನ ಅಳಿಯನಿಗೆ, ಎಂದರೆ ಅಣ್ಣನ ಮಗನಿಗೆ, ಕಳಿಸಿದ.

“ಅಪ್ಪ, ಇನ್ನೊಂದು ಸಲ ರಕ್ತ ಬಂತು ಅಂದ್ರೆ ಚೀಲ ನನ್ನ ಹತ್ರ ಇರುತ್ತೆ. ಕುತ್ತಿಗೆ ಹತ್ರ ಕೆಲಸ ಇದು, ಹುಡುಗಾಟ ಅಲ್ಲ” ಎಂದ ಮಗ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಣ್ಣ ಎದುರಾಡದೆ ತಟ್ಟೆಯಲ್ಲಿದ್ದುದನ್ನು ತಿಂದು ಮುಗಿಸಿದ. ಎರಡು ದಿನ ಬಿಟ್ಟು ಅಳಿಯ ನನ್ನನ್ನು ಪಕ್ಕಕ್ಕೆ ಕರೆದ. “ಅತ್ತೆ, ನೀನು ಜೊತೆಗೆ ಹೋಗು. ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ನೋಡು. ಏನಾದ್ರೂ ಆದ್ರೆ ನಂಗೆ ಹೇಳು.” ಹೀಗೆ ಈ ವಯಸ್ಸಿನಲ್ಲಿ ನನಗೆ ಗೂಢಚಾರಿಣಿ ಕೆಲಸ ಸಿಕ್ಕಿತು. ಸುಳ್ಳು ಯಾಕೆ, ಮನೆಯಲ್ಲಿ ಕೂತು ಕೂತು ನನಗೂ ಸಾಕಾಗಿತ್ತು, ಕೂಡಲೇ ಒಪ್ಪಿಕೊಂಡೆ.

ಮೊದಲು ಹೋದದ್ದು ಪೋಸ್ಟ್ ಮಾಸ್ಟರ ಮನೆಗೆ. ಕೆಲಸ ಬಿಟ್ಟು ಎಷ್ಟೋ ಕಾಲವಾದರೂ ಅವರಿಗೆ ಆ ಹೆಸರೇ ನಿಂತಿದೆ. ಎರಡನೆಯ ಮಹಡಿಯ ಫ್ಲ್ಯಾಟು, ಹಾಲಿನ ಮೂಲೆಯಲ್ಲಿ ಬಾಲ್ಕನಿ ಬಾಗಿಲಿನ ಪಕ್ಕ ಅವರ ಕೈಕುರ್ಚಿ. ಮನೆ ತುಂಬ ಜನ: ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು. ಸೊಸೆ ಮಧ್ಯಾಹ್ನದ ಪಾಳಿಯ ಸ್ಕೂಲ್ ಟೀಚರು, ಅಡುಗೆಮನೆಯಿಂದ ಸ್ನಾನದ ಮನೆಗೆ, ಅಲ್ಲಿಂದ ಇಸ್ತ್ರಿಪೆಟ್ಟಿಗೆಗೆ ಬುಗುರಿಯ ಹಾಗೆ ಸುತ್ತುತ್ತಿದ್ದಳು. ಸುತ್ತುವಾಗಲೇ ಕುರ್ಚಿಯ ಕಡೆಗೆ ಒಂದೊಂದು ಪ್ರಶ್ನೆ ಎಸೆಯುತ್ತಿದ್ದಳು. “ಮಾವ, ತಿಂಡಿ ಆಯ್ತಾ? ಮಾತ್ರೆ ಆಯ್ತಾ? ಫ್ಯಾನ್ ಹಾಕ್ಲಾ?” ಪೋಸ್ಟ್ ಮಾಸ್ಟರು ಎಲ್ಲಕ್ಕೂ “ಹ್ಞೂಂ” ಎನ್ನುತ್ತಿದ್ದರು. ಉತ್ತರ ಬರುವ ಹೊತ್ತಿಗೆ ಅವಳು ಇನ್ನೊಂದು ಕೋಣೆಯಲ್ಲಿರುತ್ತಿದ್ದಳು. ಕೆಟ್ಟವಳಲ್ಲ. ತಟ್ಟೆ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಪಂಚೆ ಬೆಳ್ಳಗಿರುತ್ತಿತ್ತು, ಮಾತ್ರೆಯ ಡಬ್ಬಿಯ ಮೇಲೆ ವಾರಗಳ ಹೆಸರು ಬರೆದಿತ್ತು.

ಅಣ್ಣನನ್ನು ಕಂಡದ್ದೇ ಪೋಸ್ಟ್ ಮಾಸ್ಟರ ಮುಖ ಅರಳಿತು. “ಬಾರಯ್ಯ, ನೀನು ಬರೋಷ್ಟರಲ್ಲಿ ನಾನು ಸನ್ಯಾಸಿ ಆಗಿಬಿಡ್ತಿದ್ದೆ. ಇವರು ಯಾರು, ಅಸಿಸ್ಟೆಂಟಾ?”

“ನನ್ನ ತಂಗಿ, ಮಾಸ್ಟ್ರೇ. ಮನೇಲಿ ಬೈಯೋಕೆ ಯಾರೂ ಸಿಗ್ತಿಲ್ಲ ಅಂತ ಜೊತೆಗೆ ಬಂದಿದ್ದಾಳೆ.”

ಅಣ್ಣ ಟವೆಲ್ಲು ಹೊದೆಸಿ, ಬಿಸಿನೀರಿನಲ್ಲಿ ಇನ್ನೊಂದು ಟವೆಲ್ಲು ಹಿಂಡಿ ಅವರ ಮುಖದ ಮೇಲಿಟ್ಟ. ಆಮೇಲೆ ನೊರೆ. ಎಡಗೈ ಅವರ ನೆತ್ತಿಯ ಮೇಲೆ, ಬಲಗೈಯಲ್ಲಿ ಬ್ರಶ್ಶು. ನೆತ್ತಿಯ ಮೇಲೆ ಕೈ ಬಿದ್ದದ್ದೇ ಪೋಸ್ಟ್ ಮಾಸ್ಟರ ಕಣ್ಣು ಮುಚ್ಚಿತು, ಬಾಯಿ ತೆರೆಯಿತು. ಹಳೆಯ ಆಫೀಸಿನ ಕಥೆ, ಅಲುಗಾಡುವ ಹಲ್ಲಿನ ಕಥೆ, ಹೆಂಡತಿ ಸೈಕಲ್ ಕಲಿಯಲು ಹೋಗಿ ಚರಂಡಿಗೆ ಬಿದ್ದ ಕಥೆ. ಅಣ್ಣ “ಹೌದಾ? ಆಮೇಲೆ?” ಎನ್ನುತ್ತ ಹೆಬ್ಬೆರಳಿನಿಂದ ಕೆನ್ನೆಯ ಚರ್ಮ ಎಳೆದು ಹಿಡಿದು ಕತ್ತಿ ಓಡಿಸಿದ. ಅವನ ಕೈ ನಡುಗುತ್ತಿತ್ತು. ನನ್ನ ಕಣ್ಣು ರಕ್ತವನ್ನಷ್ಟೇ ಹುಡುಕುತ್ತಿತ್ತು. ಒಂದು ತೊಟ್ಟು ರಕ್ತ ಬರಲಿಲ್ಲ. ಅಂಥ ನಡುಗುವ ಕೈಯಲ್ಲಿ ಇಂಥ ಹಿಡಿತವೇ ಎಂದು ನನಗೆ ಹೆಮ್ಮೆಯಾಯಿತು. ಮನೆಗೆ ಬಂದು ಅಳಿಯನಿಗೆ ಎದೆ ತಟ್ಟಿ ಹೇಳಿದೆ, “ಒಂದು ಗೀರೂ ಇಲ್ಲ ಕಣೋ!”

ಕೆಲವು ವಾರ ಹೀಗೇ ನಡೆಯಿತು. ಒಂದು ದಿನ ಪೋಸ್ಟ್ ಮಾಸ್ಟರ ಮನೆಯ ಸಿಂಕಿನಲ್ಲಿ ಸಾಮಾನು ತೊಳೆಯುವುದಕ್ಕೆ ನಾನೇ ಮುಂದಾದೆ. ಅಣ್ಣ “ಬೇಡ, ಇಡು” ಎನ್ನುವಷ್ಟರಲ್ಲಿ ಕತ್ತಿ ನನ್ನ ಕೈಯಲ್ಲಿತ್ತು. ಹುಷಾರಾಗಿ ಬಿಡಿಸಿ ನೋಡಿದೆ. ಬ್ಲೇಡ್ ಇರಬೇಕಾದ ಸೀಳಿನಲ್ಲಿ ಏನೂ ಇರಲಿಲ್ಲ. ಬೆರಳಾಡಿಸಿದೆ, ಬರೀ ಮೊಂಡು ಲೋಹ.

ರಸ್ತೆಗೆ ಬರುವ ತನಕ ಹೇಗೋ ತಡೆದುಕೊಂಡೆ.

“ಅಣ್ಣಾ, ಕತ್ತೀಲಿ ಬ್ಲೇಡೇ ಇಲ್ಲ!”

“ಗೊತ್ತು.”

“ಗೊತ್ತಾ? ಮತ್ತೆ ಅಷ್ಟು ಹೊತ್ತು ಏನು ಕೆರೀತಿದ್ದೆ?”

“ಕೂಗಬೇಡ. ಇದು ಬಸ್ ಸ್ಟ್ಯಾಂಡ್ ಅಲ್ಲ.”

ಪಕ್ಕದಲ್ಲೇ ಒಂದು ಕಲ್ಲುಬೆಂಚಿತ್ತು. ಅಲ್ಲಿ ಕೂತು ಹೇಳಿದ. ಮಗ ಎಚ್ಚರಿಕೆ ಕೊಟ್ಟ ಮರುದಿನ, ನಾನಿನ್ನೂ ಜೊತೆಗೆ ಬರುವ ಮೊದಲು, ಗಾಬರಿಯಲ್ಲಿ ಬ್ಲೇಡ್ ಹಾಕುವುದನ್ನೇ ಮರೆತಿದ್ದನಂತೆ. ಇಷ್ಟು ವರ್ಷದಲ್ಲಿ ಎಂದೂ ಮಾಡದ ತಪ್ಪು. ಪೋಸ್ಟ್ ಮಾಸ್ಟರ ಇಡೀ ಮುಖದ ಮೇಲೆ ಕತ್ತಿ ಆಡಿಸಿ, ನೊರೆಯೆಲ್ಲ ಬಳಿದು ತೆಗೆದು, ಟವೆಲ್ಲಿನಲ್ಲಿ ಒರೆಸುವಾಗ ಗಡ್ಡ ಹಾಗೆಯೇ ಕೈಗೆ ಚುಚ್ಚಿತು. ನಾಚಿಕೆಯಿಂದ ಅಣ್ಣ ಟವೆಲ್ಲು ಮಡಿಸುತ್ತ ನಿಂತ. ಪೋಸ್ಟ್ ಮಾಸ್ಟರು ಎರಡೂ ಕೆನ್ನೆಯ ಮೇಲೆ ಕೈ ಸವರಿಕೊಂಡರಂತೆ. ಕರಕರ ಎಂದು ಸದ್ದು ಬಂತಂತೆ.

“ಏನಂದ್ರು?” ಎಂದೆ.

“‘ಇವತ್ತು ಬಹಳ ಚೆನ್ನಾಗಾಯ್ತು ಕಣಯ್ಯ. ನಾಡಿದ್ದೇ ಬಂದ್ಬಿಡು’ ಅಂದ್ರು.”

ಲೈನ್‌ಮನ್ ಮನೆಯಲ್ಲಿ ಅಣ್ಣ ತಾನೇ ಕೇಳಿದನಂತೆ: ಬ್ಲೇಡ್ ಹಾಕೋಕೆ ನಂಗೆ ಭಯ, ಹಾಕದೆ ಮಾಡ್ಲಾ? ಆ ಮನುಷ್ಯ ಬಹಳ ಮಾತಿನವರಲ್ಲ. “ಮಾಡು” ಎಂದು ಕುತ್ತಿಗೆ ಒಡ್ಡಿದರಂತೆ. ಅಂದಿನಿಂದ ಅಣ್ಣ ಯಾರ ದುಡ್ಡನ್ನೂ ಮುಟ್ಟಿರಲಿಲ್ಲ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಹಾಗೆ ಒಂದು ದಾರಿ ಹುಡುಕಿಕೊಂಡಿದ್ದ.

ನಾನು ಮೊದಲು ನಕ್ಕೆ. ಬೆಂಚಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನಗು ನಿಂತ ಮೇಲೂ ನೀರು ನಿಲ್ಲಲಿಲ್ಲ. ನನ್ನ ಗಂಡ ಹೋದ ಮೇಲೆ ನನ್ನನ್ನು ಯಾರು ಮುಟ್ಟಿದ್ದಾರೆ ಎಂದು ಆ ಬೆಂಚಿನ ಮೇಲೆ ಯೋಚಿಸಿದೆ. ಮಗಳು ಬೇರೆ ಊರಿನಲ್ಲಿದ್ದಾಳೆ, ಫೋನಿನಲ್ಲಿ ದಿನಾ ಸಿಗುತ್ತಾಳೆ, ಅವಳ ದನಿ ಸಿಗುತ್ತದೆ. ಅಂಗಡಿಯವನು ಚಿಲ್ಲರೆ ಕೊಡುವಾಗ ಬೆರಳು ತಾಗುತ್ತದೆ. ಅಷ್ಟೇ. ಹಸಿವಾದರೆ ಹಸಿವು ಎಂದು ಹೇಳಬಹುದು, ಕಾಲು ನೋವು ಎಂದರೆ ಮುಲಾಮು ತರುತ್ತಾರೆ. ನನ್ನನ್ನು ಯಾರಾದರೂ ಒಂದಿಷ್ಟು ಮುಟ್ಟಿ ಎಂದು ಯಾವ ಮುದುಕಿ ಬಾಯಿಬಿಟ್ಟು ಕೇಳುತ್ತಾಳೆ? ನನಗೆ ಒಂಟಿತನ ಎಂದರೆ ಯಾರೂ ಇಲ್ಲದ ಮನೆ ಎಂದೇ ತಿಳುವಳಿಕೆಯಿತ್ತು. ತುಂಬಿದ ಮನೆಯ ನಡುವೆ ಕುರ್ಚಿ ಹಾಕಿಕೊಂಡು ಕೂತ ಒಂಟಿತನವನ್ನು ಅಣ್ಣ ಬೆರಳ ತುದಿಯಿಂದ ಕಂಡುಕೊಂಡಿದ್ದ.

“ಈಗ ನೀನು ಅವನಿಗೆ ಹೇಳ್ತೀಯಾ?” ಎಂದು ಕೇಳಿದ ಅಣ್ಣ. ಅವನ ದನಿಯಲ್ಲಿ ಅಷ್ಟು ಭಯವನ್ನು ನಾನು ಕೇಳಿರಲಿಲ್ಲ.

“ಏನಂತ ಹೇಳ್ಲಿ? ರಕ್ತ ಬಂದ್ರೆ ಹೇಳು ಅಂದಿದ್ದಾನೆ. ಬಂತಾ?”

ಬೇಲಿಯೇ ಎದ್ದು ಹೊಲ ಮೇಯಿತು. ಅಂದಿನಿಂದ ಅಳಿಯ ಕೇಳಿದಾಗಲೆಲ್ಲ ನಾನು “ಒಂದು ಗೀರೂ ಇಲ್ಲ” ಎಂದು ಹೇಳುತ್ತಿದ್ದೆ. ಅದು ನಿಜವೇ. ಆದರೂ ಕಳ್ಳನ ಮನಸ್ಸು ಹುಳ್ಳಹುಳ್ಳಗೆ, ಹೇಳುವಾಗ ನನ್ನ ಕಣ್ಣು ಗೋಡೆಯ ಕಡೆಗೇ ಹೋಗುತ್ತಿತ್ತು.

ಆದರೆ ಗಡ್ಡವನ್ನು ಎಷ್ಟು ದಿನ ಮುಚ್ಚಿಡಲಾದೀತು? ಪೋಸ್ಟ್ ಮಾಸ್ಟರ ಮಗ ಭಾನುವಾರಕ್ಕೊಮ್ಮೆ ಟ್ರಿಮ್ಮರ್ ಹಿಡಿದು ಅಪ್ಪನ ಮುಖದ ಮೇಲೆ ಗರ್ರೆಂದು ಓಡಿಸುತ್ತಿದ್ದ, ಇನ್ನೊಂದು ಕೈಯಲ್ಲಿ ಫೋನು. ಮಿಕ್ಕ ದಿನ ಗಡ್ಡ ತನ್ನ ಪಾಡಿಗೆ ಬೆಳೆಯುತ್ತಿತ್ತು. ಸೊಸೆಗೆ ಅನುಮಾನ ಬಂತು. ಒಂದು ಬೆಳಿಗ್ಗೆ ನಾವು ಹೊರಡುವಾಗ ಇಸ್ತ್ರಿ ಬಿಟ್ಟು ಬಂದು ಮಾವನ ಮುಖವನ್ನು ಹತ್ತಿರದಿಂದ ನೋಡಿದಳು.

“ಇದೇನಿದು? ಈಗ ತಾನೇ ಶೇವಿಂಗ್ ಆಗಿದೆ, ಗಡ್ಡ ಹಾಗೇ ಇದೆಯಲ್ಲ!” ಎಂದಳು. ಆಮೇಲೆ ಅಣ್ಣನ ಕಡೆ ತಿರುಗಿ, “ನೀವು ದುಡ್ಡೂ ತಗೊಳ್ಳಲ್ಲ, ಗಡ್ಡಾನೂ ತೆಗೆಯಲ್ಲ. ಮತ್ತೆ ಬರೋದು ಯಾಕೆ?” ಎಂದು ಕೇಳಿದಳು.

ಅಣ್ಣ ಚೀಲ ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿದ. ಬಸ್ ನಿಲ್ದಾಣದಲ್ಲಿ ಯಾರಿಗೂ ಸೋಲದ ನಾನೂ ಅವನ ಹಿಂದೆಯೇ ಇಳಿದೆ. ನಾವು ಮನೆ ಸೇರುವಷ್ಟರಲ್ಲಿ ಅವಳ ಫೋನು ಅಳಿಯನಿಗೆ ಮುಟ್ಟಿತ್ತು. ನಿಮ್ಮ ತಂದೆಗೆ ವಯಸ್ಸಾಗಿದೆ, ಕತ್ತಿಯಲ್ಲಿ ಬ್ಲೇಡ್ ಇದೆಯೋ ಇಲ್ಲವೋ ಎನ್ನುವುದೂ ತಿಳಿಯುತ್ತಿಲ್ಲ, ಇನ್ನು ಮೇಲೆ ಕಳಿಸಬೇಡಿ ಎಂದಿದ್ದಳಂತೆ.

ಅಳಿಯ ಅಂಗಡಿಯಿಂದ ನೆಟ್ಟಗೆ ಬಂದು ಚೀಲ ತೆಗೆದು ಕತ್ತಿ ಬಿಡಿಸಿ ನೋಡಿದ. ಮೊದಲು ಅಪ್ಪನನ್ನು, ಆಮೇಲೆ ನನ್ನನ್ನು ನೋಡಿದ.

“ಅತ್ತೆ, ನಿಂಗೂ ಗೊತ್ತಿತ್ತು.”

“ಗೊತ್ತಿತ್ತು. ಏನೀಗ?”

“ಏನೀಗ ಅಂತೀಯಾ? ಅಪ್ಪನಿಗೆ ಬುದ್ಧಿ ಸರಿಯಿಲ್ಲ ಅಂತ ಜನ ಆಡ್ಕೋತಾರೆ. ಅದನ್ನ ನಾನು ಕೇಳಿಸ್ಕೋಬೇಕಾ?” ಅವನ ಕಣ್ಣು ಕೆಂಪಗಾಗಿತ್ತು. ಕೋಪ ಎಷ್ಟು, ಸಂಕಟ ಎಷ್ಟು ಎಂದು ನನಗೆ ತಿಳಿಯಲಿಲ್ಲ. “ನಾಳೆ ನಾನೇ ಅವರ ಮನೆಗೆ ಹೋಗಿ ನೀಟಾಗಿ ಶೇವ್ ಮಾಡಿ, ಕ್ಷಮೆ ಕೇಳಿ ಬರ್ತೀನಿ. ಅಲ್ಲಿಗೆ ಮುಗೀತು. ಈ ಚೀಲ ಅಟ್ಟಕ್ಕೆ.”

“ನಾನೂ ಬರ್ತೀನಿ. ಹೇಳದೇ ಕೇಳದೇ ಬಿಡೋಕಾಗಲ್ಲ” ಎಂದ ಅಣ್ಣ. ಅವನ ಮಾತು ಅಷ್ಟೇ. ಚೀಲ ಅಟ್ಟ ಹತ್ತಿದರೆ ಹಿಂದಿನ ಕೋಣೆಯ ಗೋಡೆಯೇ ಗತಿ ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅಳಿಯನ ಮೇಲೆ ನನಗೆ ಬಹಳ ಸಿಟ್ಟು ಬಂದಿತ್ತು, ಆದರೆ ಅವನು ಹೇಳುವುದರಲ್ಲಿ ಎಲ್ಲಿ ತಪ್ಪಿದೆ ಎಂದು ತೋರಿಸಲು ನನಗೆ ಬರಲಿಲ್ಲ.

ಮರುದಿನ ಮೂವರೂ ಹೋದೆವು, ಅಣ್ಣನ ಚೀಲ ಅಳಿಯನ ಹೆಗಲ ಮೇಲಿತ್ತು. ಸೊಸೆ ಬಾಗಿಲು ತೆರೆದು, “ಸದ್ಯ, ನೀವೇ ಬಂದ್ರಲ್ಲ” ಎಂದು ಅಳಿಯನಿಗೆ ದಾರಿ ಬಿಟ್ಟಳು. ಅಳಿಯ ಹೊಸ ಬ್ಲೇಡ್ ಸಿಕ್ಕಿಸಿದ, ಟ್ಯೂಬಿನಿಂದ ಕ್ರೀಮು ಹಿಂಡಿದ, ಪೋಸ್ಟ್ ಮಾಸ್ಟರ ಗದ್ದ ಎತ್ತಿದ. ಅವನ ಕೈ ನೋಡಲು ಚೆಂದ, ಅದನ್ನು ಒಪ್ಪಲೇಬೇಕು. ಎಡಕ್ಕೆ, ಬಲಕ್ಕೆ, ಕುತ್ತಿಗೆಗೆ ಸರಸರನೆ ನಾಲ್ಕು ಎಳೆತ. ಪೋಸ್ಟ್ ಮಾಸ್ಟರು ತಮ್ಮ ಹಲ್ಲಿನ ಕಥೆ ಶುರು ಮಾಡುವುದರೊಳಗೆ ಅವನು ಒರೆಸಿ ಮುಗಿಸಿದ್ದ. ಮುದುಕನ ಮುಖ ಸುಲಿದ ಮೊಟ್ಟೆಯ ಹಾಗೆ ಹೊಳೆಯುತ್ತಿತ್ತು.

“ಆಯ್ತು ತಾತ. ಅಪ್ಪನ ಕಡೆಯಿಂದ ತಪ್ಪಾಗಿದೆ, ಬೇಜಾರು ಮಾಡ್ಕೋಬೇಡಿ. ಅವರಿಗೆ ಕೈ ನಡುಗುತ್ತೆ. ಇನ್ಮೇಲೆ ಅವರು ಬರಲ್ಲ.”

ಪೋಸ್ಟ್ ಮಾಸ್ಟರು ಕೆನ್ನೆ ಸವರಿಕೊಂಡರು. ನಿಜವಾಗಿಯೂ ಮೆಚ್ಚಿ ತಲೆಯಾಡಿಸಿದರು. ಆಮೇಲೆ ಬಾಗಿಲ ಹತ್ತಿರ ಚಪ್ಪಲಿಯನ್ನೂ ಬಿಡದೆ ನಿಂತಿದ್ದ ಅಣ್ಣನ ಕಡೆಗೆ ಕೈ ಚಾಚಿದರು.

“ನಿನ್ನ ಮಗ ಗಡ್ಡ ತೆಗೆದ ಕಣಯ್ಯ. ಚುರುಕು ಕೈ. ಈಗ ನೀನು ಬಾ, ನಂಗೆ ಕ್ಷೌರ ಮಾಡು.”

“ಇನ್ನೇನಿದೆ ತಾತ ತೆಗೆಯೋಕೆ?” ಎಂದ ಅಳಿಯ.

“ಏನೂ ಇಲ್ಲ. ಅದಕ್ಕೇ ಬ್ಲೇಡ್ ಬೇಡ.” ಅವರು ನಕ್ಕರು, ಆದರೆ ನಗು ಬಹಳ ಹೊತ್ತು ನಿಲ್ಲಲಿಲ್ಲ. “ಅವನಿಗೆ ಬುದ್ಧಿ ನೆಟ್ಟಗಿದೆಯಪ್ಪ, ನಂದೂ ನೆಟ್ಟಗಿದೆ. ಬ್ಲೇಡ್ ಇಲ್ಲ ಅಂತ ಮೊದಲ ದಿನವೇ ಗೊತ್ತಾಯ್ತು ನಂಗೆ. ನನ್ನ ಹೆಂಡತಿ ಹೋದ ಮೇಲೆ ನನ್ನನ್ನ ಸಮಾಧಾನವಾಗಿ ಮುಟ್ಟೋರು ಅಂದ್ರೆ ಇಬ್ಬರೇ. ರಕ್ತ ತೆಗೆಯೋಕೆ ಬರೋ ಲ್ಯಾಬಿನ ಹುಡುಗಿ, ನಿಮ್ಮಪ್ಪ. ಅವಳು ಸೂಜಿ ಹಿಡ್ಕೊಂಡು ಬರ್ತಾಳೆ.”

ಅಡುಗೆಮನೆಯ ಬಾಗಿಲಲ್ಲಿ ಸೊಸೆ ನಿಂತಿದ್ದಳು. ಅವಳ ಮುಖ ಬಾಡಿಹೋಯಿತು. “ಮಾವ, ನಾವು ನಿಮಗೆ ಏನು ಕಡಿಮೆ ಮಾಡಿದೀವಿ?” ಎಂದಳು.

“ಏನೂ ಕಡಿಮೆ ಮಾಡಿಲ್ಲಮ್ಮ. ಊಟ ತಪ್ಪಿಸಿಲ್ಲ, ಮಾತ್ರೆ ತಪ್ಪಿಸಿಲ್ಲ. ನನ್ನ ಸ್ವಂತ ಮಗಳಾಗಿದ್ರೂ ಇಷ್ಟು ನೋಡ್ಕೋತಿರಲಿಲ್ಲ. ಇದು ಕೇಳೋ ಅಂಥದ್ದಲ್ಲ. ಹೇಗೆ ಕೇಳೋದು ಅಂತಾನೂ ಗೊತ್ತಾಗಲಿಲ್ಲ.”

ಅಣ್ಣ ಚಪ್ಪಲಿ ಬಿಟ್ಟು ಒಳಗೆ ಬಂದ. ಮಗನ ಮುಖ ನೋಡಿದ. ಅಳಿಯ ತನ್ನ ಕತ್ತಿಯಿಂದ ಬ್ಲೇಡ್ ತೆಗೆದು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡ. ಬರಿಗತ್ತಿಯನ್ನು ಅಪ್ಪನ ಕೈಗೆ ಕೊಟ್ಟ. “ಸೋಮವಾರ ಅಂಗಡಿ ರಜೆ. ಅವತ್ತು ನಾನೂ ಬರ್ತೀನಿ, ಎಲ್ಲರ ಮನೆಗೂ. ಬ್ಲೇಡಿನ ಕೆಲಸ ನಂದು. ಉಳಿದಿದ್ದು ನಿಂದು” ಎಂದ. ಹಿಂದಿನ ದಿನದಿಂದ ಅವನ ಮೇಲಿದ್ದ ನನ್ನ ಸಿಟ್ಟೆಲ್ಲ ಆ ಒಂದು ಮಾತಿಗೆ ಇಳಿದುಹೋಯಿತು.

ನುಣ್ಣಗಿದ್ದ ಮುಖಕ್ಕೆ ಅಣ್ಣ ಮತ್ತೆ ನೊರೆ ಹಚ್ಚಿದ. ಅವಸರವಿಲ್ಲದೆ, ನಮ್ಮಪ್ಪ ಕಲಿಸಿದ ಹಾಗೆ. ಎಡಗೈ ನೆತ್ತಿಯ ಮೇಲೆ ನಡುಗುತ್ತಿತ್ತು, ಅದರಿಂದ ಯಾರಿಗೂ ಏನೂ ತೊಂದರೆಯಿರಲಿಲ್ಲ. ಪೋಸ್ಟ್ ಮಾಸ್ಟರು ಕಣ್ಣು ಮುಚ್ಚಿ ಸೈಕಲ್ಲಿನಿಂದ ಚರಂಡಿಗೆ ಬಿದ್ದ ಹೆಂಡತಿಯ ಕಥೆ ಶುರು ಮಾಡಿದರು. ಅಳಿಯ ನೆಲದ ಮೇಲೆ ಕೂತು ಕೇಳಿದ. ಸೊಸೆಗೆ ಸ್ಕೂಲಿಗೆ ಹೊತ್ತಾಗುತ್ತಿತ್ತು, ಆದರೂ ಬಾಗಿಲು ಬಿಟ್ಟು ಕದಲಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಆ ಕಥೆಯನ್ನು ಅವಳು ಕೇಳಿಯೇ ಇರಲಿಲ್ಲ ಎಂದು ಅವಳ ಮುಖವೇ ಹೇಳುತ್ತಿತ್ತು.

ಕೆಲಸ ಮುಗಿದ ಮೇಲೆ ಅಣ್ಣ ಬಿಸಿನೀರಿನಲ್ಲಿ ಟವೆಲ್ಲು ಹಿಂಡಿದ. ಸೊಸೆ ಮುಂದೆ ಬಂದು ಕೈ ನೀಡಿದಳು. ಅಣ್ಣ ಒಂದು ಕ್ಷಣ ಅವಳನ್ನು ನೋಡಿ ಟವೆಲ್ಲು ಕೊಟ್ಟ. ಅವಳು ಮಾವನ ಮುಖ ಒರೆಸತೊಡಗಿದಳು, ಟೇಬಲ್ ಒರೆಸುವ ಹಾಗೆ, ಬೇಗ ಬೇಗ.

“ಮೆಲ್ಲಗೆ ತಾಯಿ” ಎಂದ ಅಣ್ಣ. “ಒರೆಸೋಕೆ ಏನೂ ಇಲ್ಲ ಅಲ್ಲಿ.”

ಅವಳ ಕೈ ನಿಧಾನವಾಯಿತು. ಹಣೆ, ಕಣ್ಣಿನ ಸುತ್ತ, ಕೆನ್ನೆ, ಕಿವಿಯ ಹಿಂದೆ. ಬಳೆ ಸದ್ದು ಮಾಡಿತು. ಪೋಸ್ಟ್ ಮಾಸ್ಟರು ಮಾತು ನಿಲ್ಲಿಸಿದರು. ಅದು ಯಾರ ಕೈ ಎಂದು ಗೊತ್ತಾದ ಮೇಲೂ ಅವರು ಕಣ್ಣು ತೆರೆಯಲಿಲ್ಲ.